ಮನೆಯಲ್ಲೇ ಮಕ್ಕಳ ಜೊತೆ ಎಂಜಿನಿಯರಿಂಗ್: ಅಪ್ಪ-ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಲೇಔಟಿನ ಮಕ್ಕಳು ಭಾನುವಾರ ಬೆಳಗ್ಗೆ ಒಟ್ಟಿಗೆ ಸೇರಿ ಏನಾದರೂ ಕಟ್ಟುತ್ತಾರೆ, ಬಿಚ್ಚುತ್ತಾರೆ, ಮತ್ತೆ ಕಟ್ಟುತ್ತಾರೆ. ಅವರನ್ನು ಕರೆದುಕೊಂಡು ಬರುವ ಅಪ್ಪ-ಅಮ್ಮ, ಅಜ್ಜ-ಅಜ್ಜಿ ನನ್ನನ್ನು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ. ಅವುಗಳಿಗೆ ಉತ್ತರ ಒಂದೇ ಕಡೆ ಸಿಗಲಿ ಅಂತ ಬರೆದಿದ್ದೇನೆ. ಬೆಂಗಳೂರಿನಲ್ಲಿ ಸಾಮಾನು ಎಲ್ಲಿ ಸಿಗುತ್ತದೆ, ಎಲ್ಲಿಗೆ ಹೋಗಿ ನೋಡಬಹುದು ಅನ್ನುವುದೂ ಇದರಲ್ಲೇ ಇದೆ.

ಕ್ರಾಫ್ಟ್ ಕ್ಲಾಸಿಗೂ ಇದಕ್ಕೂ ಏನು ವ್ಯತ್ಯಾಸ?

ಕ್ರಾಫ್ಟ್ ಮುಗಿದ ಮೇಲೆ "ಚೆನ್ನಾಗಿ ಕಾಣುತ್ತಾ?" ಅಂತ ನೋಡುತ್ತೇವೆ. ಇಲ್ಲಿ "ಕೆಲಸ ಮಾಡುತ್ತಾ?" ಅಂತ ನೋಡುತ್ತೇವೆ. ದೀಪಾವಳಿಗೆ ಆಕಾಶಬುಟ್ಟಿ ಮಾಡುವುದನ್ನೇ ತೆಗೆದುಕೊಳ್ಳಿ. ಬಣ್ಣದ ಕಾಗದ ಅಂಟಿಸಿ ತೂಗುಹಾಕಿದರೆ ಅದು ಕ್ರಾಫ್ಟ್. ರಾತ್ರಿಯ ಗಾಳಿಗೆ ಹರಿಯಬಾರದು, ಒಳಗಿನ ಬಲ್ಬು ಬದಲಾಯಿಸಲು ಒಂದು ಬಾಗಿಲು ಬೇಕು, ಮಡಚಿ ಅಟ್ಟದ ಮೇಲೆ ಇಟ್ಟರೆ ಮುಂದಿನ ವರ್ಷಕ್ಕೂ ಬರಬೇಕು ಅಂತ ಮಗು ಯೋಚಿಸತೊಡಗಿದರೆ ಅದು ಎಂಜಿನಿಯರಿಂಗ್. ಸಾಮಾನು ಅದೇ, ಕೇಳುವ ಪ್ರಶ್ನೆ ಬೇರೆ.

ಹಾಗಾಗಿ ಪ್ರತಿ ಪ್ರಾಜೆಕ್ಟಿಗೂ ಶುರುವಿನಲ್ಲೇ ಒಂದು ಷರತ್ತು ಇಡಿ. "ಇದು ಇಷ್ಟು ಭಾರ ಹೊರಬೇಕು", "ಅಡುಗೆಮನೆ ಬಾಗಿಲಿನಿಂದ ಹಾಲ್‌ವರೆಗೆ ಓಡಬೇಕು", "ಐದು ಎಣಿಸುವವರೆಗೆ ಬೀಳದೆ ನಿಲ್ಲಬೇಕು". ಷರತ್ತು ಇದ್ದರೆ ಗೆದ್ದೆವೋ ಸೋತೆವೋ ಮಗುವಿಗೇ ಗೊತ್ತಾಗುತ್ತದೆ. ನೀವು ಹೇಳಬೇಕಾಗಿಲ್ಲ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಮೂರು ದಾಟಿದರೆ ಸಾಕು. ಬಟ್ಟೆ ಸುತ್ತಿ ಬರುವ ರಟ್ಟಿನ ಕೊಳವೆಗಳನ್ನು ಉದ್ದಕ್ಕೆ ಸೀಳಿ, ಬೀರುವಿನ ಬಾಗಿಲಿಗೆ ಓರೆಯಾಗಿ ಟೇಪ್ ಹಾಕಿ ಅಂಟಿಸಿ. ಮೇಲಿಂದ ಚೆಂಡು ಬಿಟ್ಟರೆ ಕೆಳಗಿನ ಡಬ್ಬದಲ್ಲೇ ಬೀಳಬೇಕು. ಇಷ್ಟೇ ಆಟ. ಚಿಕ್ಕವರು ಕೊಳವೆಯನ್ನು ಸ್ವಲ್ಪ ಎತ್ತಿ, ಸ್ವಲ್ಪ ಇಳಿಸಿ ತಾವೇ ಸರಿ ಮಾಡುತ್ತಾರೆ. ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸಾದರೆ ಗೋಲಿ ಬೇಡ, ನಿಂಬೆಹಣ್ಣು ಸಾಕು.

ಆರೇಳು ವರ್ಷಕ್ಕೆ ಕತ್ತರಿ, ದಾರ, ಅಂಟು. ಎಂಟೊಂಬತ್ತಕ್ಕೆ ಸೆಲ್ಲು, ಬಲ್ಬು, ಸ್ಕ್ರೂಡ್ರೈವರ್. ಹತ್ತು-ಹನ್ನೆರಡರ ನಂತರ ಗರಗಸ, ಡ್ರಿಲ್, ಸೋಲ್ಡರಿಂಗ್, ಅದೂ ದೊಡ್ಡವರು ಪಕ್ಕದಲ್ಲಿ ಕೂತಾಗ ಮಾತ್ರ. ಇದು ಅಂದಾಜು. ನಿಮ್ಮ ಮಗುವಿನ ಕೈ ಎಷ್ಟು ಸ್ಥಿರ, ಹೇಳಿದ ಮಾತು ಎಷ್ಟು ಕೇಳುತ್ತದೆ ಅನ್ನುವುದು ನಿಮಗೇ ಚೆನ್ನಾಗಿ ಗೊತ್ತು.

ನನಗೆ ಎಂಜಿನಿಯರಿಂಗ್ ಗೊತ್ತಿಲ್ಲ. ಮಗುವಿಗೆ ಏನು ಹೇಳಿಕೊಡಲಿ?

ಹೇಳಿಕೊಡುವುದು ಕಡಿಮೆ ಇದ್ದಷ್ಟೂ ಒಳ್ಳೆಯದು. ಜೊತೆಗೆ ಕೂತು ನೋಡಿ, ಕೇಳಿ. "ಎಲ್ಲಿ ಬಗ್ಗಿತು?", "ಮೊದಲು ಯಾವುದು ಬಿಚ್ಚಿಕೊಂಡಿತು?", "ಈ ಸಲ ಏನು ಬದಲಾಯಿಸೋಣ?" ಇಷ್ಟು ಪ್ರಶ್ನೆ ಸಾಕು.

ಮನೆಯಲ್ಲಿ ಅಜ್ಜಿ ಇದ್ದರೆ ಅವರನ್ನು ಖಂಡಿತ ಸೇರಿಸಿಕೊಳ್ಳಿ. ಹೊಲಿಗೆ ಮೆಷಿನ್ನಿನ ಬೆಲ್ಟು ಜಾರಿದರೆ ಸರಿಮಾಡುವುದು, ಕುಕ್ಕರಿನ ಗ್ಯಾಸ್ಕೆಟ್ ಸಡಿಲವಾಗಿದ್ದನ್ನು ಕೈಯಲ್ಲೇ ಕಂಡುಹಿಡಿಯುವುದು, ಬಟ್ಟೆ ಕತ್ತರಿಸುವ ಮೊದಲು ಹೊಲಿಗೆಗೆ ಎಷ್ಟು ಬಿಡಬೇಕು ಅಂತ ಲೆಕ್ಕ ಹಾಕುವುದು, ಇದೆಲ್ಲ ಅವರಿಗೆ ನೀರು ಕುಡಿದಷ್ಟು ಸುಲಭ. ಪಾದದಿಂದ ತುಳಿಯುವ ಮೆಷಿನ್ ಮನೆಯಲ್ಲಿದ್ದರೆ ಚಕ್ರ, ಬೆಲ್ಟು, ಸನ್ನೆ ಮೂರೂ ಕಣ್ಣೆದುರಿಗೇ ಕೆಲಸ ಮಾಡುವುದನ್ನು ತೋರಿಸಬಹುದು. ದೊಡ್ಡ ಚಕ್ರ ಒಂದು ಸುತ್ತು ಬಂದರೆ ಮೇಲಿನ ಸಣ್ಣ ಚಕ್ರ ಎಷ್ಟು ಸುತ್ತು ಬರುತ್ತದೆ? ಚಕ್ರಕ್ಕೆ ಸೀಮೆಸುಣ್ಣದ ಗುರುತು ಹಾಕಿ ಎಣಿಸಲು ಹೇಳಿ. ಗೇರ್ ಪಾಠದ ಅರ್ಧ ಅಲ್ಲೇ ಮುಗಿಯುತ್ತದೆ.

ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಮಾಡಿ ನೋಡೋಣ" ಅನ್ನಿ. ಮಕ್ಕಳಿಗೆ ಆ ಮಾತು ಬಹಳ ಇಷ್ಟ.

ಈ ಭಾನುವಾರವೇ ಶುರು ಮಾಡಬೇಕು. ಯಾವುದರಿಂದ?

ಕಾಗದದ ಸೇತುವೆ. ಒಂದು ಪೈಸೆ ಖರ್ಚಿಲ್ಲ, ಒಂದೆರಡು ಗಂಟೆಯ ಕೆಲಸ, ಆರು ವರ್ಷದವರೂ ಹದಿನಾರು ವರ್ಷದವರೂ ಒಟ್ಟಿಗೆ ಕೂರಬಹುದು. ನನಗೆ ತುಂಬಾ ಪ್ರಿಯವಾದ ಪ್ರಾಜೆಕ್ಟ್ ಇದು, ಅದಕ್ಕೇ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ಎರಡು ಕಡೆ ಪುಸ್ತಕ ಪೇರಿಸಿ, ನಡುವೆ 20 ಸೆಂಟಿಮೀಟರ್ ಜಾಗ ಬಿಡಿ. ಒಂದು ಎ4 ಹಾಳೆಯನ್ನು ಅಡ್ಡಲಾಗಿ ಇಡಿ. ತನ್ನ ಭಾರಕ್ಕೇ ನಡುವೆ ತಗ್ಗುತ್ತದೆ. ಒಂದೆರಡು ನಾಣ್ಯ ಇಟ್ಟರೆ ಬಿದ್ದೇ ಹೋಗುತ್ತದೆ. ಈಗ ಅದೇ ಹಾಳೆಯನ್ನು ಉದ್ದಕ್ಕೆ ಬೀಸಣಿಗೆಯ ಹಾಗೆ ಒಂದೊಂದು ಸೆಂಟಿಮೀಟರಿಗೆ ಮಡಚಿ. ಮಡಿಕೆಗಳು ಒಂದು ಪುಸ್ತಕದ ರಾಶಿಯಿಂದ ಇನ್ನೊಂದರ ಕಡೆಗೆ ಓಡಬೇಕು. ಮೇಲೆ ಒಂದು ರಟ್ಟಿನ ತುಂಡು ಇಟ್ಟು, ಅದರ ಮೇಲೆ ಖಾಲಿ ಸ್ಟೀಲ್ ಲೋಟ ಇಡಿ. ನಿಲ್ಲುತ್ತದೆ. ಹಾಳೆ ಅದೇ, ತೂಕ ಅದೇ. ಬದಲಾಗಿದ್ದು ಆಕಾರ ಮಾತ್ರ.

ಇಲ್ಲಿಂದ ಅಳತೆ ಶುರು. ಲೋಟದೊಳಗೆ ಔಷಧಿಯ ಅಳತೆ ಮುಚ್ಚಳದಿಂದ ಸ್ವಲ್ಪ ಸ್ವಲ್ಪವೇ ನೀರು ಹಾಕುತ್ತಾ ಹೋಗಿ. ಒಂದು ಮಿಲಿಲೀಟರ್ ನೀರು ಅಂದರೆ ಒಂದು ಗ್ರಾಂ, ಹಾಗಾಗಿ ತಕ್ಕಡಿ ಬೇಡ. ಕೆಳಗೆ ಒಂದು ತಟ್ಟೆ ಇಡುವುದನ್ನು ಮರೆಯಬೇಡಿ. ಸೇತುವೆ ಕುಸಿಯುವ ಕ್ಷಣ ಮಗುವಿನ ಕಣ್ಣು ಲೋಟದ ಮೇಲೆ ಅಲ್ಲ, ಮಡಿಕೆಗಳ ಮೇಲೆ ಇರಲಿ. ನೋಡಿದರೆ ಗೊತ್ತಾಗುತ್ತದೆ: ಕಾಗದ ಹರಿಯುವುದಿಲ್ಲ. ಮಡಿಕೆಗಳು ಪಕ್ಕಕ್ಕೆ ಹರಡಿ, ಚಪ್ಪಟೆಯಾಗಿ, ಆಮೇಲೆ ಬೀಳುತ್ತದೆ. ಅಂದರೆ ಮಡಿಕೆ ಹರಡದ ಹಾಗೆ ಹಿಡಿದಿಟ್ಟರೆ ಇನ್ನೂ ಜಾಸ್ತಿ ಭಾರ ಹೊರಬೇಕು, ಅಲ್ವಾ? ಕೆಳಗೊಂದು ಮೇಲೊಂದು ಹಾಳೆ ಅಂಟಿಸಿ ನೋಡಿ.

ಅಂಟು ಒಣಗುವಷ್ಟರಲ್ಲಿ ಮನೆಗೆ ಬಂದ ಯಾವುದಾದರೂ ಪಾರ್ಸೆಲ್ ಡಬ್ಬದ ಅಂಚನ್ನು ಮಗುವಿಗೆ ತೋರಿಸಿ. ಎರಡು ಹಾಳೆಗಳ ನಡುವೆ ಅಲೆಅಲೆಯಾದ ಕಾಗದ. ಈಗಷ್ಟೇ ತಾನು ಮಾಡಿದ್ದೇ ಅಲ್ಲಿದೆ! ಶೆಡ್ಡಿನ ಮೇಲಿನ ತಗಡಿನ ಶೀಟಿಗೆ ಯಾಕೆ ಅಲೆ ಇದೆ ಅಂತ ಆಮೇಲೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮೆಟ್ರೋ ಹಳಿಯ ಕೆಳಗಿರುವ ಕಾಂಕ್ರೀಟ್ ತೊಲೆ ಒಳಗೆ ಟೊಳ್ಳು ಪೆಟ್ಟಿಗೆಯಾಗಿರುವುದೂ ಇದೇ ಕಾರಣಕ್ಕೆ. ಬಗ್ಗದಂತೆ ತಡೆಯುವುದು ತೊಲೆಯ ಮೇಲ್ಭಾಗ ಮತ್ತು ತಳಭಾಗ. ಅವೆರಡನ್ನೂ ದೂರ ಇಟ್ಟರೆ ನಡುವೆ ತುಂಬಿಸಬೇಕಾಗಿಲ್ಲ, ತೊಲೆಯ ಭಾರವೂ ಕಡಿಮೆಯಾಗುತ್ತದೆ.

ಒಂದು ನಿಯಮ ಮಾತ್ರ ಬಿಡಬೇಡಿ. ಪ್ರತಿ ಸಲ ಒಂದೇ ಒಂದು ವಿಷಯ ಬದಲಾಯಿಸಿ. ಮಡಿಕೆಯ ಎತ್ತರವನ್ನೂ ಕಾಗದದ ದಪ್ಪವನ್ನೂ ಒಟ್ಟಿಗೆ ಬದಲಾಯಿಸಿದರೆ ಯಾವುದರಿಂದ ಗಟ್ಟಿಯಾಯಿತು ಅಂತ ತಿಳಿಯುವುದಿಲ್ಲ.

ಸಾಮಾನು ಎಲ್ಲಿ ತರಲಿ? ತುಂಬಾ ಖರ್ಚಾಗುತ್ತಾ?

ಮೊದಲು ಮನೆಯೊಳಗೆ ಹುಡುಕಿ. ಪಾರ್ಸೆಲ್ ರಟ್ಟು, ಹಳೇ ಪೇಪರ್, ಬಾಟಲಿ ಮತ್ತು ಅದರ ಮುಚ್ಚಳ, ಐಸ್‌ಕ್ರೀಮ್ ಕಡ್ಡಿ, ಮುಗಿದ ಪೆನ್ನಿನ ರೀಫಿಲ್, ತೆಂಗಿನ ಕಡ್ಡಿ ಪೊರಕೆ. ಒಂದು ದೊಡ್ಡ ಡಬ್ಬಕ್ಕೆ "ಬಿಸಾಡಬೇಡಿ" ಅಂತ ಬರೆದು ಇವನ್ನೆಲ್ಲ ಹಾಕುತ್ತಾ ಬನ್ನಿ.

ಮಿಕ್ಕಿದ್ದು ಬಡಾವಣೆಯಲ್ಲೇ ಸಿಗುತ್ತದೆ. ಸೂಜಿ ಇಲ್ಲದ ಸಿರಿಂಜ್ ಮೆಡಿಕಲ್ ಸ್ಟೋರಿನಲ್ಲಿ. ವಾಲ್ವ್ ಟ್ಯೂಬ್ ಸೈಕಲ್ ಅಂಗಡಿಯಲ್ಲಿ. ಇದನ್ನು ಸಣ್ಣಗೆ ಕತ್ತರಿಸಿದರೆ ಪೊರಕೆ ಕಡ್ಡಿಗಳಿಗೆ ಒಳ್ಳೆಯ ಜೋಡಣೆಯಾಗುತ್ತದೆ. ಬೆಂಕಿಕಡ್ಡಿ ಮತ್ತು ವಾಲ್ವ್ ಟ್ಯೂಬಿನಿಂದ ತ್ರಿಕೋನ, ಚೌಕ ಕಟ್ಟುವ ವಿಧಾನವನ್ನು ದೇಶದ ಮಕ್ಕಳಿಗೆಲ್ಲ ಪರಿಚಯಿಸಿದವರು ಅರವಿಂದ ಗುಪ್ತಾ. ಐಐಟಿ ಕಾನ್ಪುರದಲ್ಲಿ ಓದಿದ ಎಂಜಿನಿಯರ್, ಕಸದಿಂದ ಆಟಿಕೆ ಮಾಡುವುದನ್ನೇ ಜೀವನದ ಕೆಲಸ ಮಾಡಿಕೊಂಡವರು. 2018ರಲ್ಲಿ ಪದ್ಮಶ್ರೀ ಬಂತು. ಅವರ ಆಟಿಕೆಗಳ ವಿಡಿಯೋಗಳು ಇಂಟರ್‌ನೆಟ್‌ನಲ್ಲಿ ಪುಕ್ಕಟೆ ಸಿಗುತ್ತವೆ.

ತಾಮ್ರದ ತಂತಿಗೆ ಹತ್ತಿರದ ಮೋಟಾರ್ ರಿವೈಂಡಿಂಗ್ ಅಂಗಡಿಗೆ ಹೋಗಿ. ಬೋರ್‌ವೆಲ್ ಮೋಟಾರ್, ಮಿಕ್ಸಿ ಮೋಟಾರ್ ಸುತ್ತುವವರು. ಮಗುವನ್ನೂ ಕರೆದುಕೊಂಡು ಹೋಗಿ, ಮಗುವೇ ಕೇಳಲಿ. ಮಕ್ಕಳು ಕೇಳಿದರೆ ತುಂಡು ತಂತಿಯನ್ನು ಸುಮ್ನೆ ಕೊಡುವವರೇ ಜಾಸ್ತಿ. ಬಿಚ್ಚಿದ ಮೋಟಾರಿನ ಹೊಟ್ಟೆಯೊಳಗೆ ಏನಿದೆ ಅಂತ ನೋಡುವುದೂ ಆಗುತ್ತದೆ.

ಎಲೆಕ್ಟ್ರಾನಿಕ್ಸ್ ಸಾಮಾನಿಗೆ ಎಸ್.ಪಿ. ರೋಡ್. ಎಲ್‌ಇಡಿ, ರೆಸಿಸ್ಟರ್, ಸ್ವಿಚ್ಚು, ಸೆಲ್ ಹೋಲ್ಡರ್, ಸಣ್ಣ ಮೋಟಾರ್, ಎಲ್ಲವೂ ಬಿಡಿಯಾಗಿ ಸಿಗುತ್ತವೆ. ಎಲ್‌ಇಡಿ, ರೆಸಿಸ್ಟರ್ ಥರದವು ಕೆಲವೇ ರೂಪಾಯಿ. ಪಟ್ಟಿ ಬರೆದುಕೊಂಡು ಹೋಗಿ, ಇಲ್ಲದಿದ್ದರೆ ಆ ಗದ್ದಲದಲ್ಲಿ ಅರ್ಧ ಮರೆಯುತ್ತದೆ. ಕಾರು ನಿಲ್ಲಿಸಲು ಜಾಗ ಸಿಗುವುದು ಕಷ್ಟ, ಮೆಟ್ರೋ ಅಥವಾ ಬಸ್ಸೇ ವಾಸಿ. ಭಾನುವಾರ ಬಹಳ ಅಂಗಡಿ ಮುಚ್ಚಿರುತ್ತವೆ, ಶನಿವಾರ ಹೋಗಿ. ಕಾಗದ, ರಟ್ಟಿನ ಶೀಟು, ಅಂಟು ಹೋಲ್‌ಸೇಲ್ ಬೇಕಾದರೆ ಅಲ್ಲಿಂದ ಹತ್ತಿರದಲ್ಲೇ ಅವೆನ್ಯೂ ರೋಡ್ ಇದೆ.

ಬಾಡಿಗೆ ಮನೆ, ಎರಡೇ ರೂಮು. ಜಾಗ ಎಲ್ಲಿ?

ಒಂದು ಚಾಪೆಯಷ್ಟು ಜಾಗ ಸಾಕು. ಹಳೇ ಬೆಡ್‌ಶೀಟ್ ಹಾಸಿ ಅದರ ಮೇಲೆ ಕೆಲಸ ಮಾಡಿಸಿ. ಮುಗಿದ ಮೇಲೆ ನಾಲ್ಕು ಮೂಲೆ ಎತ್ತಿದರೆ ಕಸವೆಲ್ಲ ಒಂದೇ ಕಡೆ. ನೀರಿನ ಪ್ರಾಜೆಕ್ಟ್ ಬಾತ್‌ರೂಮಿನಲ್ಲಿ ಅಥವಾ ಟೆರೇಸಿನಲ್ಲಿ. ಸುತ್ತಿಗೆ ಸದ್ದು ಮಧ್ಯಾಹ್ನ ಬೇಡ, ಕೆಳಗಿನ ಮನೆಯವರು ಮಲಗಿರುತ್ತಾರೆ. ಗೋಡೆಗೆ ಟೇಪ್ ಅಂಟಿಸಿದರೆ ಬಣ್ಣ ಕಿತ್ತು ಬರುತ್ತದೆ, ಓನರ್ ಸುಮ್ಮನಿರುವುದಿಲ್ಲ. ಬೀರು ಬಾಗಿಲು, ಫ್ರಿಜ್ಜಿನ ಪಕ್ಕ ಇದ್ದೇ ಇವೆಯಲ್ಲ.

ರಟ್ಟು ಕತ್ತರಿಸುವುದೇ ದೊಡ್ಡ ತಲೆನೋವು. ಅಂಟೂ ನಿಲ್ಲುವುದಿಲ್ಲ. ಏನು ಮಾಡಲಿ?

ಪಾರ್ಸೆಲ್ ರಟ್ಟಿಗೆ ಒಂದು ದಿಕ್ಕಿದೆ. ಒಳಗಿನ ಅಲೆಗಳು ಓಡುವ ದಿಕ್ಕಿಗೆ ಅದು ಸುಲಭವಾಗಿ ಮಡಚುತ್ತದೆ, ಅದಕ್ಕೆ ಅಡ್ಡಲಾಗಿ ಮಡಚಿದರೆ ಮುರಿದು ಸೊಟ್ಟಗಾಗುತ್ತದೆ. ಕಂಬ ಮಾಡುವಾಗ ಅಲೆಗಳು ನೆಟ್ಟಗೆ ಮೇಲಕ್ಕೆ ಓಡಬೇಕು, ಆಗಲೇ ಭಾರ ಹೊರುವುದು. ಇದಿಷ್ಟು ಗೊತ್ತಾದರೆ ಅರ್ಧ ತಲೆನೋವು ಹೋಯಿತು. ಮಡಚುವ ಕಡೆ ಸ್ಕೇಲ್ ಇಟ್ಟು ಮುಗಿದ ಪೆನ್ನಿನಿಂದ ಗಟ್ಟಿಯಾಗಿ ಗೀರಿ, ಆಮೇಲೆ ಮಡಚಿ.

ಕಟರ್ ಬ್ಲೇಡ್ ದೊಡ್ಡವರ ಕೈಯಲ್ಲೇ ಇರಲಿ, ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಕತ್ತರಿಸಿ. ಪ್ಲಾಸ್ಟಿಕ್ ಸ್ಕೇಲ್ ಮೇಲೆ ಬ್ಲೇಡ್ ಹತ್ತಿ ಬೆರಳಿಗೆ ಬರುತ್ತದೆ.

ಫೆವಿಕಾಲ್ ಜಾಸ್ತಿ ಹಾಕಿದರೆ ಜಾಸ್ತಿ ಗಟ್ಟಿಯಾಗುತ್ತದೆ ಅನ್ನುವುದು ಮಕ್ಕಳ ನಂಬಿಕೆ. ನಿಜವಾಗಿ ತೆಳ್ಳಗೆ ಸವರಿ, ಬಟ್ಟೆ ಕ್ಲಿಪ್ ಹಾಕಿ, ರಾತ್ರಿಯಿಡೀ ಬಿಡಬೇಕು. ಕಾಗದಕ್ಕೆ ಮೈದಾ ಗೋಂದು ಚೆನ್ನಾಗಿ ಹಿಡಿಯುತ್ತದೆ. ತಕ್ಷಣ ಅಂಟುವ ಫೆವಿಕ್ವಿಕ್ ಥರದ್ದನ್ನು ಮಕ್ಕಳ ಕೈಗೆ ಕೊಡಲೇಬೇಡಿ, ಚರ್ಮಕ್ಕೂ ಕಣ್ಣಿಗೂ ಅಂಟಿಕೊಳ್ಳುತ್ತದೆ. ಹಾಟ್ ಗ್ಲೂ ಗನ್ ತುದಿ ನೂರು ಡಿಗ್ರಿಗಿಂತ ಜಾಸ್ತಿ ಬಿಸಿಯಾಗುತ್ತದೆ, ಅದನ್ನೂ ನೀವೇ ಹಿಡಿಯಿರಿ.

ಕರೆಂಟಿನ ಪ್ರಾಜೆಕ್ಟ್ ಅಂದರೆ ಭಯ. ಎಲ್ಲಿಯವರೆಗೆ ಸುರಕ್ಷಿತ?

ಭಯ ಇರಬೇಕಾದ್ದೇ. ಗೋಡೆಯ ಪ್ಲಗ್ಗಿನಲ್ಲಿ ಬರುವುದು 230 ವೋಲ್ಟ್, ಅದು ಪ್ರಾಣ ತೆಗೆಯುತ್ತದೆ. ಮಕ್ಕಳ ಯಾವ ಪ್ರಾಜೆಕ್ಟೂ ಪ್ಲಗ್ಗಿಗೆ ಹೋಗಬಾರದು. ಇದಕ್ಕೆ ವಿನಾಯಿತಿ ಇಲ್ಲ. ಹಳೇ ಟಿವಿ, ಮೈಕ್ರೋವೇವ್, ಚಾರ್ಜರ್ ಬಿಚ್ಚಲು ಕೊಡಬೇಡಿ. ಪ್ಲಗ್ ಕಿತ್ತ ಮೇಲೂ ಒಳಗಿನ ಕೆಪಾಸಿಟರಿನಲ್ಲಿ ಕರೆಂಟು ಉಳಿದಿರುತ್ತದೆ.

ರಿಮೋಟಿಗೆ ಹಾಕುವ 1.5 ವೋಲ್ಟಿನ ಮಾಮೂಲಿ ಸೆಲ್ಲು ಮಕ್ಕಳಿಗೆ ಸರಿಯಾದದ್ದು. ಎರಡು ಸೇರಿಸಿದರೆ 3 ವೋಲ್ಟ್. ಮೊಬೈಲ್ ಬ್ಯಾಟರಿ, ಪವರ್ ಬ್ಯಾಂಕ್ ಬಿಚ್ಚಬೇಡಿ, ಲಿಥಿಯಂ ಸೆಲ್ಲು ಚುಚ್ಚಿದರೆ ಅಥವಾ ಶಾರ್ಟ್ ಆದರೆ ಹೊತ್ತಿ ಉರಿಯುತ್ತದೆ.

ಬಟನ್ ಸೆಲ್ಲಿನ ಬಗ್ಗೆ ಎಷ್ಟು ಎಚ್ಚರ ಹೇಳಿದರೂ ಸಾಲದು. ಹಾಡುವ ಗ್ರೀಟಿಂಗ್ ಕಾರ್ಡ್, ಸಣ್ಣ ಆಟಿಕೆಗಳಲ್ಲಿ ಇರುತ್ತದೆ. ಮಗು ನುಂಗಿದರೆ ಎರಡೇ ಗಂಟೆಯೊಳಗೆ ಅನ್ನನಾಳ ಸುಡಬಹುದು. ಅನುಮಾನ ಬಂದರೂ ಸಾಕು, ವಾಂತಿ ಮಾಡಿಸಲು ಹೋಗದೆ ನೇರ ಆಸ್ಪತ್ರೆಗೆ ಓಡಿ. ಪುಟಾಣಿ ಗಟ್ಟಿ ಮ್ಯಾಗ್ನೆಟ್‌ಗಳೂ ಹಾಗೇ. ಎರಡು ನುಂಗಿದರೆ ಹೊಟ್ಟೆಯೊಳಗೆ ಒಂದನ್ನೊಂದು ಎಳೆದು ಕರುಳನ್ನು ಹಿಸುಕುತ್ತವೆ. ತಮ್ಮ-ತಂಗಿ ಚಿಕ್ಕವರಿರುವ ಮನೆಯಲ್ಲಿ ಇವೆರಡೂ ಬೇಡವೇ ಬೇಡ. ಹಳೇ ಸ್ಪೀಕರಿನ ದೊಡ್ಡ ಕಪ್ಪು ಮ್ಯಾಗ್ನೆಟ್ ಒಳ್ಳೆಯದು.

ಎಲ್‌ಇಡಿ ಹಾಕಿದ ತಕ್ಷಣ ಸುಟ್ಟು ಹೋಗುತ್ತದೆ. ಯಾಕೆ?

9 ವೋಲ್ಟಿನ ಚೌಕ ಬ್ಯಾಟರಿಗೆ ನೇರ ಕೊಟ್ಟಿರುತ್ತೀರಿ. ಕೆಂಪು ಎಲ್‌ಇಡಿಗೆ 2 ವೋಲ್ಟ್, ಬಿಳಿ ಮತ್ತು ನೀಲಿಗೆ 3 ವೋಲ್ಟ್ ಸುಮಾರಾಗಿ ಸಾಕು. ಮಿಕ್ಕಿದ್ದನ್ನು ತಡೆಯಲು ರೆಸಿಸ್ಟರ್ ಬೇಕು. 9 ವೋಲ್ಟಿಗೆ 470 ಓಮ್, ಎರಡು ಪೆನ್ಸಿಲ್ ಸೆಲ್ಲಿಗೆ ಕೆಂಪು ಎಲ್‌ಇಡಿ ಹಾಕುವಾಗ 100 ಓಮ್ ಸರಿಹೋಗುತ್ತದೆ. ಉದ್ದನೆಯ ಕಾಲು ಪ್ಲಸ್ಸಿಗೆ. ಉಲ್ಟಾ ಹಾಕಿದರೆ ಉರಿಯುವುದಿಲ್ಲ, ಅಷ್ಟೇ.

ನಿಂಬೆಹಣ್ಣಿನಿಂದ ಲೈಟು ಹೊತ್ತಿಸುವುದನ್ನು ಎಲ್ಲರೂ ಕೇಳುತ್ತಾರೆ. ಸತು ಬಳಿದ ಮೊಳೆ ಮತ್ತು ತಾಮ್ರದ ತಂತಿ ಚುಚ್ಚಿದರೆ ಒಂದು ಹಣ್ಣಿಗೆ ಹೆಚ್ಚುಕಮ್ಮಿ 0.9 ವೋಲ್ಟ್ ಸಿಗುತ್ತದೆ. ಮೂರ್ನಾಲ್ಕು ಹಣ್ಣು ಸಾಲಾಗಿ ಜೋಡಿಸಿದರೆ ಕೆಂಪು ಎಲ್‌ಇಡಿ ಕತ್ತಲೆ ರೂಮಿನಲ್ಲಿ ಮಂಕಾಗಿ ಕಾಣುತ್ತದೆ. ಶಕ್ತಿ ಬರುವುದು ಸವೆಯುವ ಸತುವಿನಿಂದ, ಹಣ್ಣಿನಿಂದಲ್ಲ. ಆ ಹಣ್ಣನ್ನು ಮತ್ತೆ ಅಡುಗೆಗೆ ಬಳಸಬೇಡಿ.

ಮೋಟಾರ್ ಮನೆಯಲ್ಲೇ ಮಾಡಬಹುದಂತೆ, ನಿಜನಾ?

ನಿಜ. ಮಾಡಿದ ಮಗು ಜೀವಮಾನದಲ್ಲಿ ಮರೆಯುವುದಿಲ್ಲ. ಬೇಕಾದ್ದು ಟಾರ್ಚಿನ ಒಂದು ದೊಡ್ಡ ಸೆಲ್ಲು, ಎರಡು ಸೇಫ್ಟಿ ಪಿನ್ನು, ಒಂದು ಮ್ಯಾಗ್ನೆಟ್, ಒಂದು ಮೀಟರ್ ತಾಮ್ರದ ತಂತಿ, ಎಮರಿ ಪೇಪರ್ ತುಂಡು.

ತಂತಿಯನ್ನು ಪೆನ್ಸಿಲ್ ಸೆಲ್ಲಿನ ಸುತ್ತ ಹತ್ತು-ಹದಿನೈದು ಸುತ್ತು ಸುತ್ತಿ ಬಳೆಯಂತೆ ತೆಗೆಯಿರಿ. ಎರಡು ತುದಿಗಳು ಎದುರುಬದುರು, ಒಂದೇ ನೇರದಲ್ಲಿ ಹೊರಬರಬೇಕು. ದೊಡ್ಡ ಸೆಲ್ಲಿನ ಎರಡೂ ತುದಿಗೆ ಪಿನ್ನುಗಳನ್ನು ರಬ್ಬರ್ ಬ್ಯಾಂಡಿನಿಂದ ಬಿಗಿದು, ಪಿನ್ನಿನ ತೂತಿನಲ್ಲಿ ತಂತಿಯ ತುದಿಗಳನ್ನು ಕೂರಿಸಿ. ಸುರುಳಿಯ ಕೆಳಗೆ, ಸೆಲ್ಲಿನ ಮೇಲೆ, ಮ್ಯಾಗ್ನೆಟ್.

ಎಲ್ಲರೂ ಸೋಲುವುದು ಮುಂದಿನ ಹಂತದಲ್ಲಿ. ಈ ತಂತಿಯ ಮೇಲೆ ಕಣ್ಣಿಗೆ ಕಾಣದ ಬಣ್ಣದ ಪದರ ಇರುತ್ತದೆ, ಅದು ಕರೆಂಟು ಬಿಡುವುದಿಲ್ಲ. ಒಂದು ತುದಿಯನ್ನು ಎಮರಿ ಪೇಪರಿನಿಂದ ಸುತ್ತಲೂ ಪೂರ್ತಿ ಉಜ್ಜಿ. ಇನ್ನೊಂದು ತುದಿಗೆ ಸುರುಳಿಯನ್ನು ನೆಟ್ಟಗೆ ನಿಲ್ಲಿಸಿ ಹಿಡಿದು, ಮೇಲಿನ ಅರ್ಧ ಭಾಗ ಮಾತ್ರ ಉಜ್ಜಿ. ಕೆಳಗಿನ ಅರ್ಧಕ್ಕೆ ಬಣ್ಣ ಹಾಗೇ ಇರಲಿ. ಎರಡನ್ನೂ ಪೂರ್ತಿ ಉಜ್ಜಿದರೆ ಮ್ಯಾಗ್ನೆಟ್ ಸುರುಳಿಯನ್ನು ಅರ್ಧ ಸುತ್ತು ಮುಂದಕ್ಕೆ ತಳ್ಳಿ, ಇನ್ನರ್ಧ ಸುತ್ತಿನಲ್ಲಿ ಹಿಂದಕ್ಕೆ ತಳ್ಳುತ್ತದೆ. ಸುರುಳಿ ತೊನೆದಾಡಿ ನಿಂತುಬಿಡುತ್ತದೆ. ಅರ್ಧ ಮಾತ್ರ ಉಜ್ಜಿದರೆ ಹಿಂದಕ್ಕೆ ತಳ್ಳುವ ಹೊತ್ತಿಗೆ ಕರೆಂಟೇ ಇರುವುದಿಲ್ಲ, ಬಂದ ವೇಗದಲ್ಲೇ ಸುತ್ತು ಮುಗಿಸುತ್ತದೆ. ಬೆರಳಿನಿಂದ ಮೆಲ್ಲಗೆ ಒಂದು ಸಲ ತಿರುಗಿಸಿ ಬಿಡಿ, ಜುಂಯ್ ಅಂತ ಓಡುತ್ತದೆ. ಓಡದೆ ನಿಂತಿದ್ದರೆ ಸುರುಳಿಯನ್ನು ತೆಗೆದಿಡಿ, ತಂತಿಯೂ ಸೆಲ್ಲೂ ಬಿಸಿಯಾಗುತ್ತವೆ.

ನನ್ನ ಮಗನಿಗೆ ಜೆಸಿಬಿ ಹುಚ್ಚು. ಅದನ್ನೇ ಏನಾದರೂ ಮಾಡಬಹುದಾ?

ಬೆಂಗಳೂರಿನಲ್ಲಿ ಬೆಳೆಯುವ ಮಕ್ಕಳಿಗೆ ರಸ್ತೆ ಅಗೆಯುವುದು ದಿನಾ ನೋಡಲು ಸಿಗುತ್ತದೆ, ಹುಚ್ಚು ಹಿಡಿಯುವುದು ಸಹಜ. ಎರಡು ಸಿರಿಂಜ್, ನಡುವೆ ಮೀನಿನ ತೊಟ್ಟಿಗೆ ಹಾಕುವ ತೆಳು ಪೈಪು. ನೀರಿನೊಳಗೆ ಮುಳುಗಿಸಿಟ್ಟೇ ತುಂಬಿಸಿ, ಗುಳ್ಳೆ ಉಳಿಯಬಾರದು. ಒಂದನ್ನು ಒತ್ತಿದರೆ ಇನ್ನೊಂದು ಹೊರಬರುತ್ತದೆ. ಇದೇ ಹೈಡ್ರಾಲಿಕ್ಸ್. ಗಾಳಿ ಕುಗ್ಗುತ್ತದೆ, ನೀರು ಕುಗ್ಗುವುದಿಲ್ಲ ಅನ್ನುವುದನ್ನು ಮಗು ಮೊದಲು ಗಾಳಿ ತುಂಬಿಸಿ, ಆಮೇಲೆ ನೀರು ತುಂಬಿಸಿ ಕೈಯಲ್ಲೇ ಅರಿಯಲಿ.

ಆಮೇಲೆ 5 ಮಿಲಿ ಸಿರಿಂಜನ್ನು 20 ಮಿಲಿಗೆ ಜೋಡಿಸಿ. ಅಕ್ಕ ದೊಡ್ಡದನ್ನು ಒತ್ತಿಹಿಡಿಯಲಿ, ತಮ್ಮ ಚಿಕ್ಕದನ್ನು ಒತ್ತಲಿ. ತಮ್ಮನೇ ಗೆಲ್ಲುತ್ತಾನೆ. ಆದರೆ ಅವನು ತುಂಬಾ ದೂರ ಒತ್ತಬೇಕು, ಅಕ್ಕನ ಸಿರಿಂಜ್ ಸ್ವಲ್ಪವೇ ಕದಲುತ್ತದೆ. ರಟ್ಟಿನ ತೋಳು, ಬಾಟಲಿ ತುಂಡಿನ ಬಕೆಟ್ ಕಟ್ಟಿದರೆ ಜೆಸಿಬಿ ರೆಡಿ. ರಾಗಿ ರಾಶಿ ಅಗೆಯಲು ಬಿಡಿ.

ಮಳೆಗಾಲದಲ್ಲಿ ಮಕ್ಕಳು ಮನೆಯೊಳಗೇ. ಏನು ಮಾಡಿಸಲಿ?

ಮಳೆಯನ್ನೇ ಅಳೆಯಿರಿ. ನೆಟ್ಟಗಿರುವ ಬಾಟಲಿಯ ಮೇಲ್ಭಾಗ ಕತ್ತರಿಸಿ, ಅದನ್ನೇ ಆಲಿಕೆಯಂತೆ ತಲೆಕೆಳಗಾಗಿ ಕೂರಿಸಿ. ತಳ ಉಬ್ಬುತಗ್ಗು ಇರುವುದರಿಂದ ಕಲ್ಲು ಹಾಕಿ, ನೆಟ್ಟಗಿನ ಭಾಗ ಶುರುವಾಗುವವರೆಗೆ ನೀರು ತುಂಬಿ, ಅಲ್ಲಿ ಸೊನ್ನೆ ಗುರುತು ಹಾಕಿ. ಅಲ್ಲಿಂದ ಮೇಲಕ್ಕೆ ಸ್ಕೇಲ್ ಅಂಟಿಸಿ. ಟೆರೇಸಿನಲ್ಲಿ, ಮರ-ಗೋಡೆಯಿಂದ ದೂರ ಇಡಿ.

ಈಗ ಲೆಕ್ಕ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಅಂದರೆ ಒಂದು ಲೀಟರ್. ನಮ್ಮೂರಿನ 30-40 ಸೈಟು 1200 ಚದರ ಅಡಿ, ಅಂದರೆ ಸುಮಾರು 111 ಚದರ ಮೀಟರ್. ಒಂದು ಸಂಜೆ 10 ಮಿಲಿಮೀಟರ್ ಸುರಿದರೆ ಆ ಸೈಟಿನ ಮೇಲೆ ಬಿದ್ದಿದ್ದು ಸಾವಿರ ಲೀಟರಿಗಿಂತ ಜಾಸ್ತಿ. ತಲೆಯ ಮೇಲಿನ ಸಿಂಟೆಕ್ಸ್ ಟ್ಯಾಂಕ್ ತುಂಬುವಷ್ಟು! ಬೆಂಗಳೂರಿಗೆ ವರ್ಷಕ್ಕೆ ಸರಾಸರಿ 900 ಮಿಲಿಮೀಟರಿಗಿಂತ ಜಾಸ್ತಿ ಮಳೆಯಾಗುತ್ತದೆ. ಮಿಕ್ಕ ಲೆಕ್ಕ ಮಗುವೇ ಮಾಡಲಿ. ಬೇಸಿಗೆಯಲ್ಲಿ ಟ್ಯಾಂಕರಿಗೆ ಫೋನ್ ಮಾಡುವ ಮನೆಯಲ್ಲಿ ಈ ಲೆಕ್ಕ ಊಟದ ಹೊತ್ತಿನ ಚರ್ಚೆಯಾಗುತ್ತದೆ. ಆಮೇಲೆ ಜಯನಗರ 5ನೇ ಬ್ಲಾಕಿನಲ್ಲಿರುವ ಮಳೆನೀರು ಕೊಯ್ಲು ಥೀಮ್ ಪಾರ್ಕಿಗೆ ಕರೆದುಕೊಂಡು ಹೋಗಿ. ಫಿಲ್ಟರ್, ಪೈಪು, ಇಂಗುಗುಂಡಿ ಹೇಗಿರುತ್ತವೆ ಅಂತ ಕಣ್ಣಾರೆ ನೋಡಬಹುದು.

ಮನೆಯೊಳಗಿನ ನೀರಿನ ಎಂಜಿನಿಯರಿಂಗ್ ನೋಡಬೇಕಾದರೆ ಫ್ಲಶ್ ಟ್ಯಾಂಕಿನ ಮುಚ್ಚಳ ತೆಗೆಯಿರಿ. ನೀರು ಏರಿದಂತೆ ತೇಲುಬುರುಡೆ ಏರಿ ನಲ್ಲಿಯನ್ನು ತಾನೇ ಮುಚ್ಚುತ್ತದೆ. ಯಾರೂ ನಿಲ್ಲದೆ ನೀರೇ ನೀರನ್ನು ಹತೋಟಿಯಲ್ಲಿಡುವ ಈ ಯೋಚನೆ ಸರ್ ಎಂ. ವಿಶ್ವೇಶ್ವರಯ್ಯನವರಿಗೆ ಚೆನ್ನಾಗಿ ಒಲಿದಿತ್ತು. ನೀರಿನ ಮಟ್ಟ ಏರಿದಾಗ ತಾನಾಗಿ ತೆರೆದುಕೊಳ್ಳುವ ಅವರ ಗೇಟುಗಳನ್ನು 1903ರಲ್ಲಿ ಪುಣೆ ಹತ್ತಿರದ ಖಡಕ್‌ವಾಸ್ಲಾ ಜಲಾಶಯಕ್ಕೆ ಹಾಕಿದರು.

ಹಬ್ಬದ ರಜೆಗೆ ಮನೆಮಂದಿಯೆಲ್ಲ ಸೇರಿ ಮಾಡುವಂಥದ್ದು ಇದೆಯಾ?

ದಸರಾ ಬೊಂಬೆ ಹಬ್ಬ ಇದೆಯಲ್ಲ! ಮೆಟ್ಟಿಲ ಪಕ್ಕದಲ್ಲಿ ಪಾರ್ಕು, ಹಳ್ಳಿ, ಕನ್ನಂಬಾಡಿ ಕಟ್ಟೆ ಮಾಡುವುದು ಹಳೇ ಮೈಸೂರಿನ ಮನೆಗಳಲ್ಲಿ ಮೊದಲಿನಿಂದಲೂ ಇದೆ. ಅದರಲ್ಲಿ ಒಂದಾದರೂ ಓಡುವ, ತಿರುಗುವ, ಬೆಳಗುವ ವಸ್ತು ಮಕ್ಕಳ ಕೈಯಿಂದಲೇ ಆಗಲಿ. ಬೀದಿದೀಪ, ಜಾತ್ರೆಯ ತೊಟ್ಟಿಲು, ಸಣ್ಣ ಪಂಪಿನ ಕಾರಂಜಿ. ಅಪ್ಪ ಹಲಗೆ ಹೊಂದಿಸಲಿ, ಅಮ್ಮ ವೈರಿಂಗ್ ನೋಡಲಿ, ಅಜ್ಜಿ ರಾಗಿ ಪೈರು ಬೆಳೆಸಲಿ. ನೋಡಲು ಬಂದವರಿಗೆ ಮಗುವೇ ವಿವರಿಸಲಿ. ಆಯುಧಪೂಜೆಯ ದಿನ ಮಗುವಿನ ಸ್ಕ್ರೂಡ್ರೈವರ್, ಇಕ್ಕಳಕ್ಕೂ ಕುಂಕುಮ ಹಚ್ಚಿ.

ಆಷಾಢದ ಗಾಳಿಗೆ ಗಾಳಿಪಟ. ಬಿದಿರು ಕಡ್ಡಿ, ಪೇಪರ್, ಮೈದಾ ಗೋಂದು. ಬಾಲ ಉದ್ದ ಮಾಡಿದರೆ ಏನಾಗುತ್ತದೆ, ಸೂತ್ರ ಒಂದಿಂಚು ಮೇಲೆ ಕಟ್ಟಿದರೆ ಏನಾಗುತ್ತದೆ ಅಂತ ಪರೀಕ್ಷೆ ಮಾಡಿಸಿ. ಹತ್ತಿ ದಾರವೇ ಬಳಸಿ. ನೈಲಾನ್ ಮಾಂಜಾ ಹಕ್ಕಿಗಳ ರೆಕ್ಕೆ, ಬೈಕ್ ಸವಾರರ ಕುತ್ತಿಗೆ ಕೊಯ್ಯುತ್ತದೆ, 2017ರಿಂದ ದೇಶದಲ್ಲೆಲ್ಲ ನಿಷೇಧ ಇದೆ. ಕರೆಂಟು ತಂತಿ ಇರುವ ಕಡೆ ಹಾರಿಸಲೇಬೇಡಿ.

ರೆಡಿಮೇಡ್ ಕಿಟ್ ತಗೋಬಹುದಾ? ಆರ್ಡ್ವಿನೋ, ರೋಬಾಟಿಕ್ಸ್ ಕ್ಲಾಸಿಗೆ ಸೇರಿಸಬೇಕಾ?

ಕಿಟ್ ಕೆಟ್ಟದ್ದಲ್ಲ. ಆದರೆ ಚಿತ್ರ ನೋಡಿ ಜೋಡಿಸಿ ಮುಗಿಸಿದರೆ ಅರ್ಧ ಕೆಲಸ ಮಾತ್ರ ಆಯಿತು. ಜೋಡಿಸಿದ ಮೇಲೆ "ಇದನ್ನೇ ಬಳಸಿ ಬೇರೇನು ಮಾಡಬಹುದು?" ಅಂತ ಕೇಳಿ. ಆ ಪ್ರಶ್ನೆಗೆ ದಾರಿ ಕೊಡದ ಕಿಟ್‌ಗೆ ದುಡ್ಡು ಹಾಕಬೇಡಿ.

ಆರ್ಡ್ವಿನೋ ಅಂದರೆ ನಾವು ಬರೆದ ಪ್ರೋಗ್ರಾಮಿನಂತೆ ಲೈಟು, ಮೋಟಾರ್ ಓಡಿಸುವ ಸಣ್ಣ ಸರ್ಕ್ಯೂಟ್ ಬೋರ್ಡ್. ಅದು ಹತ್ತು-ಹನ್ನೊಂದು ವರ್ಷದ ನಂತರ, ಅದೂ ಸೆಲ್ಲು-ಸ್ವಿಚ್ಚು-ಎಲ್‌ಇಡಿ ಕೈಗೆ ಒಗ್ಗಿದ ಮೇಲೆ. ಮಗುವಿನ ಶಾಲೆಯಲ್ಲಿ ಅಟಲ್ ಟಿಂಕರಿಂಗ್ ಲ್ಯಾಬ್ ಇದೆಯಾ ಅಂತ ಮೊದಲು ಕೇಳಿ. ಕೇಂದ್ರ ಸರ್ಕಾರದ ಯೋಜನೆ, ಆರರಿಂದ ಹನ್ನೆರಡನೇ ಕ್ಲಾಸಿನವರಿಗೆ. ಲ್ಯಾಬ್ ಇದ್ದೂ ಬೀಗ ಹಾಕಿದ್ದರೆ ಪೇರೆಂಟ್ಸ್ ಮೀಟಿಂಗಿನಲ್ಲಿ ಕೇಳಿ, ಕೇಳುವ ಹಕ್ಕು ನಿಮಗಿದೆ.

ನಾಳೆಯೇ ಶಾಲೆಗೆ ಮಾಡೆಲ್ ಕೊಡಬೇಕು. ನಾನೇ ಮಾಡಿಕೊಟ್ಟರೆ ತಪ್ಪಾ?

ದಯವಿಟ್ಟು ಬೇಡ. ಥರ್ಮೋಕೋಲ್ ಜ್ವಾಲಾಮುಖಿಯನ್ನು ಸ್ಟೇಷನರಿ ಅಂಗಡಿಯಲ್ಲಿ ಕೊಂಡು ಕೊಡುವುದೂ ಬೇಡ. ಅಮ್ಮ ರಾತ್ರಿಯೆಲ್ಲ ಕೂತು ಮಾಡಿದ ಚೆಂದದ ಮಾಡೆಲ್ಲಿಗೆ ಬಹುಮಾನ ಬಂದರೆ ಮಗು ಕಲಿಯುವುದು ಒಂದೇ: ನನ್ನ ಕೈಯಲ್ಲಿ ಆಗುವುದಿಲ್ಲ. ಸೊಟ್ಟಗಿದ್ದರೂ ಪರವಾಗಿಲ್ಲ, ಅದು ಮಾಡಿದ್ದನ್ನೇ ಕೊಟ್ಟುಕಳಿಸಿ. ಕೈಗೆಟುಕದ್ದನ್ನು ಕತ್ತರಿಸಿಕೊಡಿ, ಬಿಸಿ ಅಂಟು ಹಾಕಿಕೊಡಿ, ಅಷ್ಟಕ್ಕೆ ನಿಲ್ಲಿಸಿ. ಟೀಚರ್ ಕೇಳಿದ ಪ್ರಶ್ನೆಗೆ ನಿಮ್ಮ ಮಗು ಪಟಪಟ ಉತ್ತರ ಹೇಳುತ್ತದೆ, ಯಾಕೆಂದರೆ ಪ್ರತಿ ಅಂಟಿನ ಹಿಂದಿನ ಕಥೆಯೂ ಅದಕ್ಕೆ ಗೊತ್ತು.

ಕೆಲಸ ಮಾಡದಿದ್ದರೆ ಮಗು ಅಳುತ್ತದೆ, ಎಸೆದುಬಿಡುತ್ತದೆ. ಆಗ?

ಮೊದಲು ತಿಂಡಿ ಕೊಡಿ. ಹಸಿದ ಮಗುವಿಗೆ ಯಾವ ಸಮಾಧಾನವೂ ತಲೆಗೆ ಹೋಗುವುದಿಲ್ಲ. ಆಮೇಲೆ ಕೆಟ್ಟಿದ್ದನ್ನು ಸರಿಮಾಡಲು ನೀವು ಕೈ ಹಾಕಬೇಡಿ. ಎಷ್ಟು ಭಾಗ ಕೆಲಸ ಮಾಡಿತು ಅಂತ ಒಟ್ಟಿಗೆ ನೋಡಿ. ಕಾರು ಓಡಲಿಲ್ಲ, ಆದರೆ ಚಕ್ರ ತಿರುಗುತ್ತಿತ್ತಾ? ಆಕ್ಸಲ್ ಉಜ್ಜುತ್ತಿದೆಯಾ? ದೊಡ್ಡ ಸೋಲನ್ನು ಸಣ್ಣ ಪ್ರಶ್ನೆಗಳಾಗಿ ಒಡೆದರೆ ಮಗು ತಾನಾಗಿ ವಾಪಸ್ ಬರುತ್ತದೆ. ಒಂದು ನೋಟ್‌ಬುಕ್ ಇಡಿಸಿ: ಏನು ಮಾಡಿದೆ, ಏನಾಯಿತು, ಮುಂದೇನು. ಸೊಟ್ಟ ಚಿತ್ರ, ಎರಡು ಸಾಲು, ತಾರೀಖು. ಅಷ್ಟು ಸಾಕು.

ಮನೆಯಿಂದ ಹೊರಗೆ ಎಲ್ಲಿ ತೋರಿಸಬಹುದು?

ಕಸ್ತೂರ್ಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂಗೆ ಮೊದಲ ಸ್ಥಾನ. ಗುಂಡಿ ಒತ್ತಿ, ಹಿಡಿ ತಿರುಗಿಸಿ ನೋಡುವ ಯಂತ್ರಗಳಿವೆ. ಒಂದೇ ದಿನ ಎಲ್ಲ ಮುಗಿಸಬೇಡಿ, ಒಂದೆರಡು ಗ್ಯಾಲರಿ ನಿಧಾನವಾಗಿ ನೋಡಿ ಬನ್ನಿ. ವಿಮಾನದ ಮೇಲೆ ಪ್ರೀತಿ ಇರುವ ಮಕ್ಕಳಿಗೆ ಹಳೇ ಏರ್‌ಪೋರ್ಟ್ ರಸ್ತೆಯ ಎಚ್‌ಎಎಲ್ ಮ್ಯೂಸಿಯಂ. ಟಾಟಾ ಇನ್‌ಸ್ಟಿಟ್ಯೂಟ್ ಅಂತ ನಾವು ಕರೆಯುವ ಐಐಎಸ್‌ಸಿ, ಓಪನ್ ಡೇ ದಿನ ಸಾರ್ವಜನಿಕರಿಗೆ ಲ್ಯಾಬುಗಳನ್ನು ತೆರೆದಿಡುತ್ತದೆ. ಜನ ತುಂಬಾ ಇರುತ್ತಾರೆ, ಬೆಳಗ್ಗೆಯೇ ಹೋಗಿ.

ಮೈಸೂರು ರಸ್ತೆಯಲ್ಲಿ ಹೋಗುವಾಗ ಚನ್ನಪಟ್ಟಣದಲ್ಲಿ ಇಳಿಯಿರಿ. ತಿರುಗುವ ಮರಕ್ಕೆ ಉಳಿ ಹಿಡಿದು ಬುಗುರಿ ಕಡೆಯುವುದು, ಅರಗಿನ ಕಡ್ಡಿ ಒತ್ತಿದಾಗ ಆ ಬಿಸಿಗೇ ಬಣ್ಣ ಕರಗಿ ಹತ್ತುವುದು, ಇದನ್ನು ಹತ್ತಿರದಿಂದ ನೋಡಿದ ಮಗು ಮನೆಗೆ ಬಂದು ನೂರು ಪ್ರಶ್ನೆ ಕೇಳುತ್ತದೆ.

ಮಾಡಿದ್ದೆಲ್ಲ ಎಲ್ಲಿ ಇಡೋದು? ಮನೆ ತುಂಬಿಹೋಗಿದೆ.

ಫೋಟೋ ತೆಗೆದು ಬಿಚ್ಚಿಸಿ. ಬಿಚ್ಚುವುದೂ ಮಗುವಿನ ಕೆಲಸವೇ. ಇಷ್ಟವಾದ ಒಂದೆರಡನ್ನು ಷೋಕೇಸಿನಲ್ಲಿ ಇಡಿ. ಮೋಟಾರ್, ಸ್ವಿಚ್ಚು, ತಂತಿ ಮತ್ತೆ ಡಬ್ಬಕ್ಕೆ. ರಟ್ಟು, ಬಾಟಲಿ ಒಣಕಸಕ್ಕೆ ಅಥವಾ ಗುಜರಿಗೆ. ಅಂಟು ಮೆತ್ತಿದ ಟೇಪನ್ನು ಬಿಡಿಸಿ ಕೊಡಿ. ಮುಗಿದ ಸೆಲ್ಲು, ಸುಟ್ಟ ಎಲ್‌ಇಡಿಯನ್ನು ಹಸಿಕಸ-ಒಣಕಸದ ಜೊತೆ ಸೇರಿಸದೆ ಒಂದು ಡಬ್ಬದಲ್ಲಿ ಕೂಡಿಟ್ಟು, ಇ-ತ್ಯಾಜ್ಯ ತೆಗೆದುಕೊಳ್ಳುವ ಕಡೆ ಕೊಡಿ. ಡಬ್ಬವನ್ನು ಚಿಕ್ಕಮಕ್ಕಳ ಕೈಗೆ ಸಿಗದ ಎತ್ತರದಲ್ಲಿಡಿ.